ಊರೊಳಗ ಚಲೋ, ಹೈವೇದಾಗ 80 ಮುಟ್ಟಿದ್ರ ಗಾಡಿ ಸುಸ್ತು: ಇಂಜಿನಿನ ಬೋರ್ ಬಿಚ್ಚಿಸ್ಲೇನ್ರಿ?

ಪ್ರಶ್ನೆ (ಧನಕವಡಿ, ಪುಣೆ):
ಅಣ್ಣಾರ, ನಮಸ್ಕಾರ್ರಿ. ನಂದು 2014ರ 150 ಸಿಸಿ ಬೈಕ್, ಕಾರ್ಬುರೇಟರಿಂದು. 62 ಸಾವಿರ ಕಿಲೋಮೀಟರ್ ಓಡೈತಿ. ಸ್ವಾರಗೇಟ್, ಹಡಪಸರ ಅಂತ ದಿನಾ ಅಡ್ಡಾಡಾಕ ಏನೂ ತಕರಾರಿಲ್ಲ. ಊರಿಗೆ, ನಿಪ್ಪಾಣಿಗೆ ಹೊಂಟ್ರ ಮಾತ್ರ ತ್ರಾಸು. ಕಾತ್ರಜ್ ಬೋಗದಾ ದಾಟಿ 80ರಾಗ ಹಿಡಿದ್ರ, ಖೇಡ್ ಶಿವಾಪುರ ಬರೂದ್ರಾಗ ಯಾರೋ ಹಿಂದಿಂದ ಹಿಡದು ಜಗ್ಗಿದಂಗ ಆಗಿ 50ಕ್ಕ ಇಳೀತೈತಿ. ಆಕ್ಸಿಲೇಟರ್ ಪೂರಾ ತಿರುವಿದ್ರೂ ಏಳಂಗಿಲ್ಲ. ಬದೀಗೆ ಹಚ್ಚಿ ಹತ್ತು ನಿಮಿಷ ನಿಂತ್ರ ಮತ್ತ ಹೊಸಾ ಗಾಡಿ ಆಗ್ತೈತಿ. ಸ್ವಲ್ಪ ದೂರ ಹೋದ್ರ ಮತ್ತ ಅದ ಕತಿ. ಪ್ಲಗ್, ಏರ್ ಫಿಲ್ಟರ್ ಹೊಸಾವು ಹಾಕ್ಸೇನಿ, ಕಾರ್ಬುರೇಟರ್ ಎರಡು ಸಲ ತೊಳಿಸೇನಿ. ಈಗ ಮೇಸ್ತ್ರಿ ಬೋರ್ (ಪಿಸ್ಟನ್ ಓಡಾಡೂ ಸಿಲಿಂಡರ್) ಹೋಗೇತಿ, ಪಿಸ್ಟನ್ ಹಿಡದು ಏಳು ಸಾವಿರ ಅಂತಾರ. ಮುಂದಿನ ವಾರ ಅವ್ವನ್ನ ನೋಡಾಕ ಹೋಗಬೇಕು. ಬಿಚ್ಚಿಸ್ಲೇನ್ರಿ?

ಉತ್ತರ (ಭೋಸರಿ, ಗ್ಯಾರೇಜಿನವರು):
ಬಿಚ್ಚಿಸಬ್ಯಾಡ್ರಿಪಾ. ಬೋರ್ ಸವದ ಗಾಡಿ ಹತ್ತು ನಿಮಿಷ ನಿಂತ ಕೂಡ್ಲೆ ಹರೇಕ್ಕ ಬರಂಗಿಲ್ಲ. ಅದು ಮುಂಜಾನಿಂದ ಸಂಜೀತನಕ ಒಂದೇ ನಮೂನಿ ಸೊರಗಿರ್ತೈತಿ, ಸೈಲೆನ್ಸರಿಂದ ನೀಲಿ ಹೊಗಿ ಬಿಡ್ತೈತಿ, ಆಯಿಲ್ ಕುಡೀತೈತಿ. ನಿಮ್ಮದು ನಿಂತ್ರ ಚೇತರಿಸ್ಕೊಳ್ತೈತಿ ಅಂದ್ರ ಅದಕ್ಕ ಪೆಟ್ರೋಲ್ ಸಾಲವಲ್ದು.

ಲೆಕ್ಕಾ ಹಾಕಿ ನೋಡ್ರಿ. ಪ್ಯಾಟ್ಯಾಗ 30ರಾಗ ಹೊಂಟಾಗ ಲೀಟರಿಗೆ 50 ಕೊಟ್ರ, ಇಂಜಿನಿಗೆ ನಿಮಿಷಕ್ಕ 10 ಮಿಲಿ ಪೆಟ್ರೋಲ್ ಸಾಕು. ಹೈವೇದಾಗ 80ರಾಗ ಲೀಟರಿಗೆ 40 ಅಂತ ಹಿಡೀರಿ, ನಿಮಿಷಕ್ಕ 33 ಮಿಲಿ ಬೇಕು. ಮೂರು ಪಟ್ಟಿಗಿಂತ ಜಾಸ್ತಿ. ಟಾಕಿಯಿಂದ ನಿಮಿಷಕ್ಕ 20 ಮಿಲಿ ಇಳದ್ರ ಪ್ಯಾಟ್ಯಾಗ ಗೊತ್ತ ಆಗಂಗಿಲ್ಲ, ಹೈವೇದಾಗ ಕಾರ್ಬುರೇಟರಿನ ಬಟ್ಟಲ ಬರಿದಾಗ್ತೈತಿ. ನೀವು ನಿಂತಾಗ ಅದು ಹನಿಹನಿ ತುಂಬ್ಕೊಳ್ತೈತಿ.

ಎರಡು ಮಾತು ಹೇಳ್ರಿ. ಸುಸ್ತಾದಾಗ ಆರ್‌ಪಿಎಂ ಮುಳ್ಳು ಏರ್ತೈತೇನು, ಇಳೀತೈತೇನು? ಏರಿ ಗಾಡಿ ಮಾತ್ರ ಓಡದಿದ್ರ ಅದು ಕ್ಲಚ್ ಪ್ಲೇಟ್ ಜಾರೂದು, ಬ್ಯಾರೇನ ಕತಿ. ಇನ್ನೊಂದು, ಟಾಕಿ ಫುಲ್ ಇದ್ದಾಗ ಜಲ್ದಿ ಆಗ್ತೈತೇನು?

ಪ್ರಶ್ನೆ ಕೇಳಿದವರು:
ಮುಳ್ಳೂ ಇಳೀತೈತ್ರಿ. ಫುಲ್ ಮಾಡ್ಸಿದ ದಿನಾನ ಜಲ್ದಿ, ಹೌದು! ಅರ್ಧ ಇದ್ದಾಗ ಶಿರವಳತನಕ ನಡೀತೈತಿ. ನಿಮಗ ಹೆಂಗ ಗೊತ್ತಾತ್ರಿ?

ಉತ್ತರ:
ಟಾಕಿ ಮುಚ್ಚಳದಾಗ ಸಣ್ಣ ತೂತು ಇರ್ತೈತಿ, ಗಾಳಿ ಒಳಗ ಹೋಗಾಕ. ಪೆಟ್ರೋಲ್ ಎಷ್ಟ ಇಳೀತೈತೋ ಅಷ್ಟ ಗಾಳಿ ಒಳಗ ಬರಬೇಕು. ಆ ತೂತು ಕಟ್ಟಿದ್ರ ಒಳಗ ಗಾಳಿ ತೆಳ್ಳಗಾಗಿ ಪೆಟ್ರೋಲನ್ನ ಮ್ಯಾಲೆ ಎಳದು ಹಿಡೀತೈತಿ. ಫುಲ್ ಟಾಕ್ಯಾಗ ಗಾಳಿಗೆ ಜಾಗಾನ ಕಡಿಮಿ, ಅದಕ್ಕ ಜಲ್ದಿ ಎಳೀತೈತಿ. ಅರ್ಧ ಖಾಲಿ ಇದ್ರ ಸ್ವಲ್ಪ ತಡಾ ಆಗ್ತೈತಿ. ಜೆಟ್ (ಕಾರ್ಬುರೇಟರಿನೊಳಗಿನ ಪೆಟ್ರೋಲ್ ಹಾಯೂ ಸಣ್ಣ ತೂತು) ಕಟ್ಟಿದ್ರ ಈ ಫರಕ್ ಕಾಣಂಗಿಲ್ಲ.

ಹಿಂಗ ಮಾಡ್ರಿ. ಸುಸ್ತಾದ ಕೂಡ್ಲೆ ಎಡಕ್ಕ ಇಂಡಿಕೇಟರ್ ಹಾಕಿ ಪೂರಾ ಬದೀಗೆ ನಿಲ್ಲಿಸಿ, ಗಾಡಿ ಬಂದ್ ಮಾಡಿ ಮುಚ್ಚಳ ತಗೀರಿ. "ಸುಸ್ಸ್" ಅಂತ ಗಾಳಿ ಒಳಗ ಎಳಕೊಂಡ ಸಪ್ಪಳ ಬಂದ್ರ ಕಳ್ಳ ಸಿಕ್ಕ. ಮುಚ್ಚಳ ಹಾಕಿ ಹೊಂಡ್ರಿ. ತಗದಿಟ್ಟು ಮಾತ್ರ ಓಡಿಸಬ್ಯಾಡ್ರಿ, ಬಿಸಿ ಇಂಜಿನ್ ಮ್ಯಾಲೆ ಪೆಟ್ರೋಲ್ ಚೆಲ್ಲಿದ್ರ ಜೀವಕ್ಕ ಬರ್ತೈತಿ.

ಮನ್ಯಾಗೂ ನೋಡಬಹುದು. ಇಂಜಿನ್ ತಣ್ಣಗಿದ್ದಾಗ, ಬಯಲಾಗ, ಕಾರ್ಬುರೇಟರಿನ ಪೈಪ ಬಿಚ್ಚಿ ಬಾಟ್ಲಿಗೆ ಹಿಡೀರಿ. ಮುಚ್ಚಳ ಹಾಕಿದಾಗ ಧಾರಿ ಸಣ್ಣಾಗಿ ನಿಂತು, ತಗದ ಕೂಡ್ಲೆ ಮತ್ತ ಹರದ್ರ ಮುಚ್ಚಳದ್ದ ದೋಷ. ತಗದ್ರೂ ಸಣ್ಣದಾ ಬಂದ್ರ ಟಾಕಿ ತೆಳಗಿನ ಪೆಟ್ರೋಲ್ ಕಾಕಿನ ಜಾಳಗಿಯೊಳಗ ಕಸಾ, ತುಕ್ಕು ಕುಂತೈತಿ.

ನವಿ ಮುಂಬೈಯಿಂದ ಒಬ್ಬರು:
ಅಣ್ಣಾ, ನನ್ನದು ಬಿಎಸ್6, ಫ್ಯೂಯೆಲ್ ಇಂಜೆಕ್ಷನ್. ನನಗೂ ಹಿಂಗ ಆಗ್ತೈತಿ, ಮುಚ್ಚಳಾನ ನೋಡ್ಲೇನು?

ಉತ್ತರ:
ಅಕ್ಕಾರ, ನಿಮ್ಮದ್ರಾಗ ಟಾಕ್ಯಾಗಿನ ಆವಿ ಇದ್ದಿಲಿನ ಡಬ್ಬಿಗೆ ಹೋಗ್ತೈತಿ. ಬಂಕಿನ್ಯಾಗ ಬಾಯಿಮಟ ತುಂಬ್ಸೂ ರೂಢಿ ಇದ್ರ ಬಿಡ್ರಿ, ಪೆಟ್ರೋಲ್ ಆ ಡಬ್ಬಿಗೇ ಹೋಗಿ ಕೂಡ್ತೈತಿ. ಮೀಟರಿನ್ಯಾಗ ಇಂಜಿನ್ ದೀಪಾ ಹತ್ತಿದ್ರ ಸ್ಕ್ಯಾನ್ ಮಾಡ್ಸ್ರಿ, ಆಮ್ಯಾಲ ಪಂಪಿನ ಪ್ರೆಷರ್. ಅಂದಾಜಿನ ಮ್ಯಾಲೆ ಪಂಪ್ ಬದಲಿ ಮಾಡಬ್ಯಾಡ್ರಿ, ಅದು ತುಟ್ಟಿ.

ಪ್ರಶ್ನೆ ಕೇಳಿದವರು (ಮೂರು ದಿನದ ಮ್ಯಾಲೆ):
ಸಿಕ್ತ್ರಿ ಅಣ್ಣಾರ! ಇವತ್ತ ಖೇಡ್ ಶಿವಾಪುರದ ಹತ್ರ ಮುಚ್ಚಳ ತಗದ್ರ ಕುಕ್ಕರಿನಂಗ ಸಪ್ಪಳ ಬಂತು. ತಿರುವಿ ನೋಡಿದ್ರ ತೂತಿನ ಮ್ಯಾಲೆ ಕರೀ ಸೀಲಂಟ್ ಮೆತ್ತ್ಯಾರ. ಆಗ ನೆನಪಾತು, ಹೋದ ಮಳಿಗಾಲದಾಗ ಪೆಟ್ರೋಲಿನ್ಯಾಗ ನೀರು ಬರ್ತೈತಿ ಅಂತ ಇಲ್ಲೇ ಒಂದು ಗ್ಯಾರೇಜಿನ್ಯಾಗ ತೋರ್ಸಿದ್ದೆ, ಅವರು "ಪ್ಯಾಕ್ ಮಾಡೇನಿ" ಅಂದಿದ್ರು. ಸೂಜಿಲೇ ಕೆದರಿ ತಗದೆ. ಖಂಬಾಟ್ಕಿ ಘಾಟ್ ನಾಕನೇ ಗಿಯರಿನ್ಯಾಗ ಏರ್ತ್ರಿ! ಆದ್ರ ಮಳ್ಯಾಗ ಮತ್ತ ನೀರು ಬಂದ್ರ?

ಉತ್ತರ:
ಭಾಳ ಸಮಾಧಾನ ಆತು. ನೀರಿನ ಮೂಲಾ ಬ್ಯಾರೆ ಐತಿ. ಮುಚ್ಚಳದ ಸುತ್ತ ತಗ್ಗಿನ್ಯಾಗ ಇನ್ನೊಂದು ತೂತು ಐತಿ, ನೋಡ್ರಿ. ಮಳಿ ನೀರು ಅದ್ರಾಗಿಂದ ಟಾಕಿ ಒಳಗಿನ ಕೊಳವಿ ಹಿಡದು ತೆಳಗ ಬೀಳಬೇಕು. ಆ ಕೊಳವಿಯ ತೆಳಗಿನ ಬಾಯಿಗೆ ಕೆಸರು ಮೆತ್ತಿ ಕಟ್ಟೈತಿ. ನೀರು ಮುಚ್ಚಳದ ಸುತ್ತ ನಿಂತು ಗಾಳಿ ತೂತಿನ್ಯಾಗ ಇಳದೈತಿ. ಅವರು ಮುಚ್ಚಬಾರದ್ದನ್ನ ಮುಚ್ಚ್ಯಾರ. ಹಳೇ ಬ್ರೇಕ್ ವೈರಿನ ತುಂಡು ತೂತಿನ್ಯಾಗ ಮೆಲ್ಲಕ ಬಿಟ್ಟು ಕೆಸರು ಬಿಡಿಸ್ರಿ, ಮುಚ್ಚಳ ಹಾಕಿ ಒಂದು ಲೋಟಾ ನೀರು ಸುರದು, ತೆಳಗ ಬೀಳ್ತೈತೇನ ನೋಡ್ರಿ. ಮುಚ್ಚಳದ ರಬ್ಬರ್ ವಾಷರ್ ಬಿರುಕು ಬಿಟ್ಟಿದ್ರ ಬದಲಿ ಮಾಡ್ರಿ. ಕಾರ್ಬುರೇಟರಿನ ತೆಳಗ ಡ್ರೇನ್ ಸ್ಕ್ರೂ ಐತಿ, ಊರಿಗೆ ಹೊಂಡೂ ಮೊದಲು ಅದನ್ನ ಸಡಲಿಸಿ ಉಳದ ನೀರು ಬಿಡ್ರಿ. ಅವ್ವಾರಿಗೆ ನಮಸ್ಕಾರ ಹೇಳ್ರಿ.