ಸಿಂಗಲ್ ಪೇಜ್ ಆ್ಯಪ್‌ನಲ್ಲಿ ಹುಡುಕಾಟದಿಂದಲೇ ಪುಟ ತಲುಪಿಸುವುದು ಹೇಗೆ?

ಪ್ರಶ್ನೆ (ಮಂಡ್ಯ): ಜಿಲ್ಲೆಯ ರೈತರಿಗಾಗಿ ರೂಪಿಸುತ್ತಿರುವ ಸಿಂಗಲ್ ಪೇಜ್ ಆ್ಯಪ್‌ನಲ್ಲಿ (ಪುಟವನ್ನು ಮತ್ತೆ ಲೋಡ್ ಮಾಡದೆ ಒಂದೇ ವೆಬ್ ಪುಟದೊಳಗೆ ನಡೆಯುವ ಆ್ಯಪ್) ಮೆನುಗಳ ಬದಲು ಹುಡುಕಾಟದಿಂದಲೇ ಊರು, ಬೆಳೆಗಳ ಪುಟ ತೆರೆಯುವಂತೆ ಮಾಡಿದ್ದೇನೆ. ಆದರೆ ಬ್ಯಾಕ್ ಒತ್ತಿದರೆ ಆ್ಯಪ್‌ನಿಂದಲೇ ಹೊರಬೀಳುತ್ತೇವೆ. “ಕೊಪ್ಪ” ಎಂದು ಹುಡುಕಿದರೆ ಕೆಲವೊಮ್ಮೆ ಏನೂ ಸಿಗುವುದಿಲ್ಲ. ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ಸರ್, ಹುಡುಕುವ ಪದವನ್ನು ಯುಆರ್‌ಎಲ್‌ನಲ್ಲೇ (ಪುಟದ ವಿಳಾಸದಲ್ಲೇ) ಇರಿಸಿ. ಟೈಪ್ ಮಾಡುತ್ತಿರುವಾಗ ರಿಪ್ಲೇಸ್‌ಸ್ಟೇಟ್ (ಬ್ರೌಸರ್ ಇತಿಹಾಸದ ಈಗಿನ ನಮೂದನ್ನೇ ಬದಲಿಸುವ ಆಜ್ಞೆ), ಫಲಿತಾಂಶವೊಂದನ್ನು ಆರಿಸಿದಾಗ ಪುಶ್‌ಸ್ಟೇಟ್ (ಹೊಸ ನಮೂದು ಸೇರಿಸುವ ಆಜ್ಞೆ) ಬಳಸಿ, ಪಾಪ್‌ಸ್ಟೇಟ್ (ಬ್ಯಾಕ್ ಒತ್ತಿದಾಗ ಬ್ರೌಸರ್ ಕೊಡುವ ಸೂಚನೆ) ಬಂದಾಗ ಯುಆರ್‌ಎಲ್ ಓದಿ ಪಟ್ಟಿಯನ್ನು ಮತ್ತೆ ತೋರಿಸಿದರೆ ಬ್ಯಾಕ್ ಸರಿಹೋಗುತ್ತದೆ. ಪ್ರತಿ ಅಕ್ಷರಕ್ಕೂ ಪುಶ್ ಮಾಡಿದರೆ ಬಳಕೆದಾರರು ಹಿಂದಿರುಗಲು ಹತ್ತಾರು ಸಲ ಒತ್ತಬೇಕಾದೀತು.

ಉತ್ತರ (ಮೈಸೂರು): “ಕೊಪ್ಪ”ದ ತೊಂದರೆ ಬಹುಶಃ ಯೂನಿಕೋಡ್‌ನದು (ಅಕ್ಷರಗಳಿಗೆ ಸಂಕೇತ ಸಂಖ್ಯೆ ಕೊಡುವ ಪದ್ಧತಿ). “ಕೊ”ದಲ್ಲಿರುವ ಒತ್ವವನ್ನು (ಒ ಸ್ವರದ ಚಿಹ್ನೆಯನ್ನು) ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದಾದ್ದರಿಂದ, ಕಣ್ಣಿಗೆ ಒಂದೇ ಕಂಡರೂ ಹೋಲಿಕೆ ತಪ್ಪುತ್ತದೆ. ದತ್ತಾಂಶವನ್ನೂ ಹುಡುಕುಪದವನ್ನೂ ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ಯೂನಿಕೋಡ್ ರೂಪ) ತನ್ನಿ. ಕನ್ನಡದಲ್ಲಿ ಹುಡುಕುವವರನ್ನು ಬರಿಗೈಯಲ್ಲಿ ಕಳಿಸಬಾರದು.

ಉತ್ತರ: ಟೈಪ್ ಮಾಡುವಾಗ ಸರ್ವರ್‌ಗೆ ಕಳಿಸಿದ ಹಳೆಯ ವಿನಂತಿಯ ಉತ್ತರ ತಡವಾಗಿ ಬಂದು ಹೊಸ ಪಟ್ಟಿಯನ್ನು ಅಳಿಸದಂತೆ, ಆ ಹಳೆಯ ವಿನಂತಿಯನ್ನು ಅಬಾರ್ಟ್‌ಕಂಟ್ರೋಲರ್‌ನಿಂದ (ವಿನಂತಿ ನಿಲ್ಲಿಸಲು ಬ್ರೌಸರ್ ಕೊಡುವ ಸೌಲಭ್ಯ) ರದ್ದುಪಡಿಸಿ.