ಜನರೇ ಇರದಿದ್ದ ದ್ವೀಪಗಳು ದೇಶ ಆಗಿದ್ದು ಹೇಗೆ? (ಕಾಬೊ ವರ್ದೆ)

ಅಂಕೋಲಾ_ಹಡಗು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸರಕು ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸ ಮಾಡುತ್ತೇನೆ. ಹೋದ ತಿಂಗಳು ಪಶ್ಚಿಮ ಆಫ್ರಿಕಾದ ಎದುರಿನ ದ್ವೀಪದೇಶ ಕಾಬೊ ವರ್ದೆಯ ಮಿಂದೆಲೊ ಬಂದರಿನಲ್ಲಿ ಮೂರು ದಿನ ನಿಂತಿದ್ದೆವು. ಸುತ್ತ ಬರೀ ಬೋಳು ಗುಡ್ಡ. ಹೆಸರಿನ ಅರ್ಥ ಮಾತ್ರ ಹಸಿರು ಭೂಶಿರ! ಪೋರ್ಚುಗೀಸರು 1460ರ ಹೊತ್ತಿಗೆ ಬಂದಾಗ ಅಲ್ಲಿ ಯಾರೂ ವಾಸ ಇರಲಿಲ್ಲವಂತೆ.

ಗೋವಾದ ಕಥೆ ನಮಗೆ ಗೊತ್ತು. ಜನ ಇದ್ದರು, ಊರು ಇತ್ತು, ಅವರು ಬಂದು ಹಿಡಿದರು, 1961ರಲ್ಲಿ ಹೋದರು. ಆದರೆ ಇಲ್ಲಿ ಯಾರ ನೆಲವನ್ನು ಯಾರು ಕಿತ್ತುಕೊಂಡರು? 1975ರಲ್ಲಿ ಸ್ವಾತಂತ್ರ್ಯ ಸಿಕ್ಕಿದ್ದು ಯಾರಿಗೆ? ಗೊತ್ತಿದ್ದವರು ಹೇಳಿ.

ಗದಗ_ಎರೆಹೊಲ ಬರೆದದ್ದು:

ತಮ್ಮಾ, ಒಳ್ಳೆ ಪ್ರಶ್ನೆ ಕೇಳಿದ್ದೀಯ. ನಾನು ಮೂವತ್ತು ವರ್ಷ ಮಣ್ಣು ಸಂರಕ್ಷಣೆಯ ಕೆಲಸ ಮಾಡಿದವನು, ಗದಗ ಕಡೆ ಹೊಲಗಳಿಗೆ ಒಡ್ಡು ಹಾಕಿಸಿದವನು. ಈ ದೇಶದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅದೇ ದಾರಿಯಲ್ಲಿ. ಅದನ್ನು ಸ್ವಾತಂತ್ರ್ಯದ ಕಡೆಗೆ ನಡೆಸಿದವನೂ ಒಬ್ಬ ಮಣ್ಣಿನ ಮನುಷ್ಯ.

ಮೊದಲು ಹೆಸರು. ಆ ಹಸಿರು ಭೂಶಿರ ಇರುವುದು ಎದುರಿನ ಸೆನೆಗಲ್ ದಡದಲ್ಲಿ. ದ್ವೀಪಗಳಿಗೆ ಹೆಸರಷ್ಟೇ ಬಂತು, ಹಸಿರು ಬರಲಿಲ್ಲ.

1462ರಲ್ಲಿ ಸಾಂತಿಯಾಗೊ ದ್ವೀಪದಲ್ಲಿ ರಿಬೈರಾ ಗ್ರಾಂದೆ ಅನ್ನುವ ಊರು ಕಟ್ಟಿದರು. ಪೋರ್ಚುಗಲ್‌ನಿಂದ ಬಂದವರು ಬೆರಳೆಣಿಕೆ. ಉಳಿದವರನ್ನೆಲ್ಲ ಎದುರಿನ ಆಫ್ರಿಕಾದ ಗಿನಿ ದಡದಿಂದ ಹಿಡಿದು ತಂದರು, ಗುಲಾಮರಾಗಿ. ಕಿತ್ತುಕೊಂಡದ್ದು ನೆಲವನ್ನಲ್ಲ ತಮ್ಮಾ, ಮನುಷ್ಯರನ್ನೇ. ನಿನ್ನ ಮೊದಲ ಪ್ರಶ್ನೆಗೆ ಇದೇ ಉತ್ತರ.

1466ರಲ್ಲಿ ರಾಜ ಅಲ್ಲಿನವರಿಗೆ ಗಿನಿ ದಡದ ಜೊತೆ ವ್ಯಾಪಾರ ಮಾಡುವ ಹಕ್ಕು ಕೊಟ್ಟ. 1472ರಲ್ಲಿ ಒಂದು ಕಟ್ಟು ಹಾಕಿದ: ದ್ವೀಪದಲ್ಲೇ ಆದ ಸರಕನ್ನು ಮಾತ್ರ ಒಯ್ಯಬೇಕು. ಹಾಗಾಗಿ ಹತ್ತಿ ಬೆಳೆಸಿದರು, ಗುಲಾಮ ನೇಕಾರರಿಂದ ಬಟ್ಟೆ ನೇಯಿಸಿದರು. ಅದಕ್ಕೆ ಪಾನು ಅನ್ನುತ್ತಾರೆ. ಒಂದು ಗೇಣಿಗಿಂತ ಕಿರಿದಾದ ಪಟ್ಟಿಗಳು, ನೀಲಿ ಬಣ್ಣ, ಆರು ಪಟ್ಟಿ ಸೇರಿಸಿ ಹೊಲಿದರೆ ಒಂದು ಬಟ್ಟೆ. ಗಿನಿ ದಡದಲ್ಲಿ ಅದೇ ನಾಣ್ಯದ ಹಾಗೆ ನಡೆಯುತ್ತಿತ್ತು. ಒಬ್ಬ ಗುಲಾಮ ನೇಯ್ದ ಬಟ್ಟೆ ಕೊಟ್ಟು ಇನ್ನೊಬ್ಬ ಗುಲಾಮನನ್ನು ಕೊಳ್ಳುತ್ತಿದ್ದರು. ಇದನ್ನು ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ.

ಅದೇ ಬಟ್ಟೆಯ ಇನ್ನೊಂದು ಮುಖ ನೋಡು. ಹೆಂಗಸರ ಹಾಡು ಕುಣಿತಕ್ಕೆ ಅಲ್ಲಿ ಬಾತೂಕು ಅನ್ನುತ್ತಾರೆ. ಚರ್ಚಿನವರು, ಸರ್ಕಾರದವರು ಅದನ್ನು ಅಡಗಿಸಲು ನೋಡಿದರು. ಹೆಂಗಸರು ಬಟ್ಟೆಯನ್ನು ಬಿಗಿಯಾಗಿ ಸುತ್ತಿ, ತೊಡೆಗಳ ನಡುವೆ ಇಟ್ಟು, ಅಂಗೈಯಿಂದ ಬಡಿದು ತಾಳ ಹಿಡಿದರು. ಇವತ್ತಿಗೂ ಹಾಗೇ ಬಡಿಯುತ್ತಾರೆ. ಬೇರೆ ಬೇರೆ ಕುಲ, ಬೇರೆ ಬೇರೆ ಮಾತಿನ ಜನ ಹೀಗೆ ಒಂದೇ ಜನ ಆದರು. ಪೋರ್ಚುಗೀಸ್ ಮತ್ತು ಆಫ್ರಿಕಾದ ಮಾತುಗಳು ಸೇರಿ ಕ್ರಿಯೊಲು ಹುಟ್ಟಿತು.

ಇನ್ನು ಬರಗಾಲ. ಜೋಳ ಅಂದರೆ ಅಲ್ಲಿ ಮೆಕ್ಕೆಜೋಳ. ಅದನ್ನೂ ಅವರೆಯಂಥ ಕಾಳನ್ನೂ ಒಂದೇ ಗುಣಿಗೆ ಹಾಕಿ ಮಳೆಗೆ ಕಾಯುತ್ತಾರೆ, ನಮ್ಮ ಅಕ್ಕಡಿ ಸಾಲಿನ ಲೆಕ್ಕದಲ್ಲೇ. ಮಳೆ ಕೈಕೊಟ್ಟರೆ ಮುಗಿಯಿತು. 1941–43 ಮತ್ತು 1947–48ರ ಬರದಲ್ಲಿ ಹತ್ತಾರು ಸಾವಿರ ಜನ ಸತ್ತರು, ಅದೂ ಎರಡು ಲಕ್ಷವೂ ಇಲ್ಲದ ಜನಸಂಖ್ಯೆಯಲ್ಲಿ. ಲಿಸ್ಬನ್ ಸಾಕಷ್ಟು ಕಾಳು ಕಳಿಸಲಿಲ್ಲ. ಬದಲಿಗೆ ಜನರನ್ನು ತನ್ನದೇ ಇನ್ನೊಂದು ದ್ವೀಪವಾಗಿದ್ದ ಸಾವೊ ತೊಮೆಯ ಕೋಕೊ ತೋಟಗಳಿಗೆ ಕರಾರಿನ ಮೇಲೆ ಗುಳೆ ಕಳಿಸಿತು.

ಆ ಹಸಿವನ್ನು ಕಣ್ಣಾರೆ ಕಂಡ ಹುಡುಗ ಅಮಿಲ್ಕರ್ ಕಬ್ರಾಲ್. ಹುಟ್ಟಿದ್ದು 1924ರಲ್ಲಿ, ಆಗ ಪೋರ್ಚುಗೀಸರ ಕೈಯಲ್ಲಿದ್ದ ಗಿನಿಯ (ಈಗಿನ ಗಿನಿ-ಬಿಸಾವ್) ಬಫಾತಾದಲ್ಲಿ. ಹೈಸ್ಕೂಲು ಓದಿದ್ದು ನೀನು ನಿಂತಿದ್ದ ಅದೇ ಮಿಂದೆಲೊದಲ್ಲಿ. ಲಿಸ್ಬನ್ನಿಗೆ ಹೋಗಿ ಕೃಷಿ ವಿಜ್ಞಾನ ಕಲಿತ, ಮಣ್ಣಿನ ಸವಕಳಿಯ ಬಗ್ಗೆ ಬರೆದ. 1953ರಲ್ಲಿ ಸರ್ಕಾರದ ಕೃಷಿ ಗಣತಿಗಾಗಿ ಗಿನಿಯ ಹಳ್ಳಿ ಹಳ್ಳಿ ತಿರುಗಿದ. ಹಾಗೆ ತಿರುಗಿ ಕಲಿತದ್ದೇ ಮುಂದೆ ಹೋರಾಟಕ್ಕೆ ಬಂತು. 1956ರಲ್ಲಿ ಗೆಳೆಯರ ಜೊತೆ ಪಕ್ಷ ಕಟ್ಟಿದ, ಗಿನಿಗೂ ದ್ವೀಪಗಳಿಗೂ ಸೇರಿ. 1973ರ ಜನವರಿ 20ರಂದು ಪಕ್ಕದ ಇನ್ನೊಂದು ಗಿನಿ ದೇಶದ ರಾಜಧಾನಿ ಕೊನಾಕ್ರಿಯಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಮರು ವರ್ಷ ಏಪ್ರಿಲ್ 25ಕ್ಕೆ ಲಿಸ್ಬನ್ನಿನಲ್ಲಿ ಸೈನಿಕರೇ ಸರ್ವಾಧಿಕಾರ ಉರುಳಿಸಿದರು. 1975ರ ಜುಲೈ 5ಕ್ಕೆ ದ್ವೀಪಗಳ ರಾಜಧಾನಿ ಪ್ರಾಯಾದಲ್ಲಿ ಹೊಸ ಬಾವುಟ ಏರಿತು.

ಲಿಸ್ಬನ್_ಕನ್ನಡತಿ ಬರೆದದ್ದು:

ಸರ್, ತುಂಬಾ ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಮಾತು ಬಿಟ್ಟುಹೋಗಿದೆ. ಕಬ್ರಾಲ್ ಪಕ್ಷ ಪೋರ್ಚುಗೀಸರ ವಿರುದ್ಧ ಮಾಡಿದ ಯುದ್ಧ ನಡೆದದ್ದು ದ್ವೀಪಗಳಲ್ಲಿ ಅಲ್ಲ, ಗಿನಿಯ ಕಾಡುಗಳಲ್ಲಿ. ಸತ್ತವರಲ್ಲಿ ಜಾಸ್ತಿ ಗಿನಿಯ ರೈತರ ಮಕ್ಕಳು. ಅದಕ್ಕೂ ಮುಂಚೆ ಗಿನಿಯಲ್ಲಿ ಪೋರ್ಚುಗೀಸರ ಪರವಾಗಿ ಕಚೇರಿ ನಡೆಸುತ್ತಿದ್ದವರಲ್ಲಿ ಎಷ್ಟೋ ಜನ ದ್ವೀಪದವರು. ಆ ನೋವು ಒಳಗೇ ಇತ್ತು. ಕಬ್ರಾಲ್‌ಗೆ ಗುಂಡು ಹೊಡೆದವರೂ ಅವರ ಪಕ್ಷದವರೇ ಅಲ್ವಾ? 1980ರಲ್ಲಿ ಗಿನಿಯ ರಾಜಧಾನಿ ಬಿಸಾವ್‌ನಲ್ಲಿ ಸೈನಿಕ ದಂಗೆ ಆಯಿತು, ಎರಡು ದೇಶ ಒಂದಾಗುವ ಮಾತು ಅಲ್ಲಿಗೆ ಮುರಿಯಿತು. ದ್ವೀಪದ ಸ್ವಾತಂತ್ರ್ಯಕ್ಕೆ ಗಿನಿಯವರು ಕೊಟ್ಟ ಬೆಲೆಯನ್ನು ಮರೆಯಬಾರದು ಅಂತ ನನಗೆ ಅನಿಸುತ್ತದೆ.

ಗದಗ_ಎರೆಹೊಲ ಬರೆದದ್ದು:

ಮೇಡಂ, ನಿಮ್ಮ ಮಾತು ನಿಜ, ಒಪ್ಪಿದೆ. ನಾನು ಅದನ್ನು ಬರೆಯಬೇಕಿತ್ತು.

ಸ್ವಾತಂತ್ರ್ಯದ ಆಮೇಲಿನದ್ದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಹೊಸ ಸರ್ಕಾರಕ್ಕೆ ಹೊರದೇಶಗಳಿಂದ ನೆರವಿನ ಕಾಳು ಬರುತ್ತಿತ್ತು. ಅದನ್ನು ಸುಮ್ನೆ ಹಂಚಲಿಲ್ಲ. ಪೇಟೆಯಲ್ಲಿ ಮಾರಿ, ಬಂದ ದುಡ್ಡಿನಲ್ಲಿ ಕೂಲಿ ಕೊಟ್ಟು, ಜನರಿಂದಲೇ ಹಳ್ಳಕ್ಕೆ ಕಲ್ಲಿನ ಒಡ್ಡು ಹಾಕಿಸಿದರು, ಇಳಿಜಾರಿನಲ್ಲಿ ಮೆಟ್ಟಿಲು ಹೊಲ ಮಾಡಿಸಿದರು, ಲಕ್ಷಗಟ್ಟಲೆ ಗಿಡ ನೆಡಿಸಿದರು. ಬರ ಮತ್ತೆ ಮತ್ತೆ ಬಂತು, ಆದರೆ ನಲವತ್ತರ ದಶಕದ ಹಾಗೆ ಜನ ಸಾಯಲಿಲ್ಲ. 1991ರ ಜನವರಿಯಲ್ಲಿ ಮೊದಲ ಬಹುಪಕ್ಷ ಚುನಾವಣೆ ನಡೆಯಿತು. ಆಳುತ್ತಿದ್ದ ಪಕ್ಷ ಸೋತಿತು, ಕುರ್ಚಿ ಬಿಟ್ಟು ಇಳಿಯಿತು.

ಅಂಕೋಲಾ_ಹಡಗು ಬರೆದದ್ದು:

ಸರ್, ಮೇಡಂ, ಇಬ್ಬರಿಗೂ ಥ್ಯಾಂಕ್ಸ್. ಮಿಂದೆಲೊದಲ್ಲಿ ನಮ್ಮ ಹಡಗಿಗೆ ನೀರು ತುಂಬಿಸಲು ಬಂದ ಅಜ್ಜ, ತನ್ನ ಅಣ್ಣ ಸಾವೊ ತೊಮೆಗೆ ಹೋದವನು ವಾಪಸ್ ಬರಲಿಲ್ಲ ಅಂದಿದ್ದ. ನಾನು ನೌಕರಿಗೆ ಹೋಗಿರಬೇಕು ಅಂದುಕೊಂಡು ತಲೆಯಾಡಿಸಿದ್ದೆ. ಈಗ ಗೊತ್ತಾಯಿತು. ನವೆಂಬರಿನಲ್ಲಿ ಹಡಗು ಪ್ರಾಯಾಕ್ಕೆ ಹೋಗುತ್ತದೆ. ಅಲ್ಲಿ ಏನು ನೋಡಲಿ?

ಗದಗ_ಎರೆಹೊಲ ಬರೆದದ್ದು:

ಹಳೆಯ ರಿಬೈರಾ ಗ್ರಾಂದೆ ಪ್ರಾಯಾದಿಂದ ಹತ್ತಿರ. ಈಗ ಅದನ್ನು ಸಿದಾದೆ ವೆಲ್ಯಾ ಅನ್ನುತ್ತಾರೆ. ಅಲ್ಲಿ ಚೌಕದಲ್ಲಿ ಒಂದು ಕಲ್ಲಿನ ಕಂಬ ಇದೆ, ಗುಲಾಮರನ್ನು ಕಟ್ಟಿ ಹೊಡೆಯುತ್ತಿದ್ದದ್ದು. ಸ್ವಲ್ಪ ಹೊತ್ತು ಅಲ್ಲಿ ನಿಲ್ಲು. ನವೆಂಬರ್ ಅಂದರೆ ಮಳೆ ಮುಗಿದಿರುತ್ತದೆ, ಗುಡ್ಡದ ಕಡೆ ಹೋದರೆ ಕಲ್ಲಿನ ಒಡ್ಡುಗಳ ಹಿಂದೆ ಮಣ್ಣು ಎಷ್ಟು ನಿಂತಿದೆ ಅಂತ ನೋಡು. ಎಲ್ಲಾದರೂ ಪಾನು ನೇಯುವ ಮಗ್ಗ ಕಂಡರೆ, ಕೇಳಿಕೊಂಡು ಒಂದು ಫೋಟೊ ತೆಗೆದು ಇಲ್ಲಿ ಹಾಕು ತಮ್ಮಾ.