ತಾರಸಿ ಮೇಲೆ ಹಸಿರು ಹಾಸಿದರೆ ಬೀದಿಗೆ ನುಗ್ಗುವ ನೀರು ಕಮ್ಮಿ ಆಗುತ್ತಾ?

ತುರುವನೂರು ರಸ್ತೆ
ಚಿತ್ರದುರ್ಗದಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಮುಂದಿನ ತಿಂಗಳು ತಾರಸಿಗೆ ಕಾಂಕ್ರೀಟ್ ಮೋಲ್ಡ್. ನಮ್ಮದು ಇಳಿಜಾರಿನ ಕೊನೆಯ ಮನೆ. ಜೋರು ಮಳೆ ಬಂದರೆ ಮೇಲಿನ ಮನೆಗಳ ತಾರಸಿ ನೀರೆಲ್ಲ ಪೈಪಿನಿಂದ ರಸ್ತೆಗೆ ಬಿದ್ದು, ಚರಂಡಿ ಉಕ್ಕಿ, ನಮ್ಮ ಗೇಟಿನ ಮುಂದೆ ಬಂದು ನಿಲ್ಲುತ್ತದೆ. ತಾರಸಿಗೆ ಮಣ್ಣು ಹರಡಿ ಗಿಡ ಬೆಳೆಸಿದರೆ ಮಳೆ ನೀರನ್ನು ಅದೇ ಹೀರಿಕೊಳ್ಳುತ್ತದೆ ಅಂತ ಓದಿದೆ. ಕುಂಡ ಇಡುವ ಮಾತಲ್ಲ, ಇಡೀ ತಾರಸಿಗೆ. ಮೇಸ್ತ್ರಿಗೆ ಹೇಳಿದರೆ ನಗುತ್ತಾರೆ. ಗೊತ್ತಿದ್ದವರು ಹೇಳಿ.

ಕಬ್ಬಿಣ ಸಿಮೆಂಟು
ಮೇಸ್ತ್ರಿ ನಕ್ಕರೂ ಪರವಾಗಿಲ್ಲ, ಡಿಸೈನ್ ಮಾಡಿದ ಇಂಜಿನಿಯರ್‌ಗೆ ಹೇಳಿದ್ದೀರಾ? ಅದು ಮುಖ್ಯ. ಜನ ಓಡಾಡುವ ತಾರಸಿಗೆ ಕಟ್ಟಡದ ಭಾರ ಲೆಕ್ಕ ಹಾಕುವ ನಮ್ಮ ಮಾನದಂಡ ಐಎಸ್ 875 ಪ್ರಕಾರ ಚದರ ಮೀಟರ್‌ಗೆ ಸುಮಾರು 150 ಕೆ.ಜಿ. ಲೈವ್ ಲೋಡ್ ಹಿಡಿಯುತ್ತೇವೆ. ಅದು ಜನಕ್ಕೆ, ಸಾಮಾನಿಗೆ. ಹೊಲದ ಕೆಂಪು ಮಣ್ಣನ್ನು ಬರೀ ನಾಲ್ಕು ಇಂಚು ಹಾಕಿ, ಅದು ನೆನೆದರೆ 180 ಕೆ.ಜಿ. ಹತ್ತಿರ ಬರುತ್ತದೆ. ನಿಮ್ಮ ತಾರಸಿ ಸಾವಿರ ಚದರಡಿ ಅಂದುಕೊಳ್ಳಿ, ಅಂದರೆ 93 ಚದರ ಮೀಟರ್. ಒಟ್ಟು 16 ಟನ್ ಮೀರಿತು. ಅದೂ ಹಗಲೂ ರಾತ್ರಿ ಅಲ್ಲೇ ಕೂತಿರುವ ಭಾರ. ಮೋಲ್ಡ್ ಆಗುವ ಮುಂಚೆ ಕೇಳಿದ್ದೀರಿ, ಒಳ್ಳೇದಾಯಿತು. ಆಮೇಲೆ ಕೇಳಿದ್ದರೆ ಬೇಡ ಅಂತ ಒಂದೇ ಮಾತು ಹೇಳುತ್ತಿದ್ದೆ.

ಮಾಳಿಗೆ ಮನೆಯವ
ಅಯ್ಯೋ, ಮಣ್ಣಿನ ಭಾರಕ್ಕೆ ಇಷ್ಟು ಹೆದರುತ್ತೀರಲ್ಲ! ಚಳ್ಳಕೆರೆ ಕಡೆ ನಮ್ಮ ಅಜ್ಜನ ಮನೆ ಪೂರ್ತಿ ಮಣ್ಣಿನ ಮಾಳಿಗೆ. ತೊಲೆ, ಜಂತೆ, ಮೇಲೆ ಬಂದರಿಕೆ ಗಿಡದ ಸೊಪ್ಪು, ಅದರ ಮೇಲೆ ಮಣ್ಣು, ಕೊನೆಗೆ ಕರ್ಲು ಮಣ್ಣು. ಮಳೆಗಾಲದಲ್ಲಿ ಮಾಳಿಗೆ ತುಂಬ ಹುಲ್ಲು. ಬೇಸಿಗೆಯಲ್ಲಿ ಒಳಗೆ ಫ್ಯಾನೇ ಬೇಡ. ಇದೇ ಅಲ್ವಾ ಗ್ರೀನ್ ರೂಫ್? ಹೊರದೇಶದವರು ಹೇಳಿದ ಮೇಲೆ ನಮಗೆ ಹೊಸದು.

ಕಬ್ಬಿಣ ಸಿಮೆಂಟು
ಅಲ್ಲ ಅಣ್ಣ. ಎರಡೂ ಉಲ್ಟಾ ಕೆಲಸ ಮಾಡುತ್ತವೆ. ಕರ್ಲಿನಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದ ಕೂಡಲೇ ಅದರ ಕಣಗಳು ಬಿಡಿಬಿಡಿಯಾಗಿ, ಸಂದುಗಳಲ್ಲಿ ಕೂತು ಮುಚ್ಚಿಬಿಡುತ್ತವೆ. ಅದಕ್ಕೇ ಮಾಳಿಗೆ ಸೋರುವುದಿಲ್ಲ. ನೀರೆಲ್ಲ ಮಾಳಿಗೆ ಅಂಚಿನ ದೋಣಿ ಕೊಳವೆಯಿಂದ ಹೊರಗೆ ಬೀಳುತ್ತದೆ. ಅಂದರೆ ಅದು ನೀರನ್ನು ಆಚೆ ತಳ್ಳುವ ಮಣ್ಣು. ಇವರಿಗೆ ಬೇಕಿರುವುದು ನೀರನ್ನು ಹಿಡಿದಿಡುವ ಮಣ್ಣು. ಮಾಳಿಗೆ ಮೇಲೆ ಹುಲ್ಲು ಬೆಳೆದರೆ ನಿಮ್ಮ ಅಜ್ಜ ಖುಷಿ ಪಡುತ್ತಿದ್ದರಾ, ಕಿತ್ತು ಹಾಕುತ್ತಿದ್ದರಾ?

ಮಾಳಿಗೆ ಮನೆಯವ
ಕಿತ್ತು ಹಾಕಿಸುತ್ತಿದ್ದರು, ನಮ್ಮ ಕೈಲೇ. ಮುಂಗಾರಿಗೆ ಮುಂಚೆ ಹೊಸ ಕರ್ಲು ಹೊರುವ ಕೆಲಸವೂ ನಮ್ಮದೇ. ಆದರೆ ತಂಪಿನ ವಿಷಯ ಮಾತ್ರ ನೀವು ಅಲ್ಲಗಳೆಯಬೇಡಿ.

ತುರುವನೂರು ರಸ್ತೆ
ಹಾಗಾದರೆ ಯಾವ ಮಣ್ಣು?

ಕಬ್ಬಿಣ ಸಿಮೆಂಟು
ಬರೀ ಮಣ್ಣಲ್ಲ. ಕೆಳಗಿನಿಂದ ಹೇಳುತ್ತೇನೆ. ಸ್ಲ್ಯಾಬಿನ ಮೇಲೆ ಇಳಿಜಾರು ಕೊಟ್ಟು ವಾಟರ್‌ಪ್ರೂಫಿಂಗ್. ಅದರ ಮೇಲೆ ಬೇರು ಇಳಿಯದಂತೆ ತಡೆಯುವ ದಪ್ಪ ಹಾಳೆ. ಆಮೇಲೆ ಹೆಚ್ಚಾದ ನೀರು ಹರಿದು ಹೋಗಲು ಒಂದು ಪದರ. ಮಣ್ಣು ಕೆಳಗೆ ಜಾರದಂತೆ ಬಟ್ಟೆಯಂಥ ಫಿಲ್ಟರ್. ಕೊನೆಗೆ ಹಗುರ ಮಿಶ್ರಣ: ತೆಂಗಿನ ನಾರಿನ ಪುಡಿ, ಪರ್ಲೈಟ್ ಅನ್ನುವ ಹಗುರ ಬಿಳಿ ಹರಳು, ಇಟ್ಟಿಗೆ ಚೂರು, ಸ್ವಲ್ಪ ಗೊಬ್ಬರ. ಆಗ ನಾಲ್ಕು ಇಂಚು ನೆನೆದರೂ 120-130 ಕೆ.ಜಿ.ಯಲ್ಲಿ ನಿಲ್ಲಿಸಬಹುದು. ಬೇರಿನ ಹಾಳೆಯಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಹಕ್ಕಿ ಹಿಕ್ಕೆಯಿಂದ ಪ್ಯಾರಾಪೆಟ್ ಸಂದಿನಲ್ಲಿ ಹುಟ್ಟಿದ ಅರಳಿ ಗಿಡ ನೋಡಿದ್ದೀರಲ್ಲ? ಕತ್ತರಿಸಿದಷ್ಟೂ ಚಿಗುರುತ್ತದೆ, ಗಾರೆ ಒಡೆದುಕೊಂಡು ಒಳಗೆ ಇಳಿಯುತ್ತದೆ. ಮಣ್ಣಿನ ಕೆಳಗೆ ಅದು ಕಣ್ಣಿಗೂ ಬೀಳುವುದಿಲ್ಲ. ಒಳಗೆ ಸೀಲಿಂಗಿನಲ್ಲಿ ತೇವ ಕಂಡಾಗಲೇ ಗೊತ್ತಾಗುವುದು.

ಮೆದೇಹಳ್ಳಿ ಅಕ್ಕ
ಎಲ್ಲರೂ ಭಾರದ ಲೆಕ್ಕ ಮಾಡುತ್ತಿದ್ದೀರಿ, ನೀರಿನ ಲೆಕ್ಕ ಯಾರೂ ಮಾಡಿಲ್ಲ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಒಂದೇ ಸಂಜೆ 60 ಮಿ.ಮೀ. ಹೊಯ್ದರೆ ಇವರ ತಾರಸಿಯಲ್ಲಿ ಐದೂವರೆ ಸಾವಿರ ಲೀಟರ್. ಒಣಗಿದ ನಾಲ್ಕು ಇಂಚು ಮಿಶ್ರಣ ಹಿಡಿಯುವುದು ಹೆಚ್ಚೆಂದರೆ 25-30 ಮಿ.ಮೀ. ಅರ್ಧ ನೀರು ಹೇಗಿದ್ದರೂ ಹೊರಗೆ. ಅದೂ ಮಣ್ಣು ಒಣಗಿದ್ದರೆ. ನಮಗೆ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಎರಡು ದಿನ ಜಡಿದ ಮೇಲೆ ಮೂರನೇ ದಿನ ಆ ಮಣ್ಣು ಏನು ಹೀರುತ್ತೆ?

ನನ್ನ ದೊಡ್ಡ ತಕರಾರು ಬೇರೆ. ನಮ್ಮ ಜಿಲ್ಲೆಯಲ್ಲಿ ಬೋರ್ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಮಳೆ ನೀರಿನಲ್ಲಿ ಆ ಕಾಟ ಇಲ್ಲ. ಬೋಳು ತಾರಸಿಯಿಂದ ಬಂದ ನೀರನ್ನು, ಮೊದಲ ಮಳೆ ಬಿಟ್ಟು, ಫಿಲ್ಟರ್ ಮಾಡಿ ಸಂಪಿಗೆ ಇಳಿಸಿದರೆ ಅಡುಗೆಗೆ ಆಗುತ್ತದೆ. ಗೊಬ್ಬರದ ಮಣ್ಣಿನಿಂದ ಇಳಿದ ನೀರು ಟೀ ಬಣ್ಣಕ್ಕೆ ಬರುತ್ತದೆ. ಅದನ್ನು ಕುಡಿಯುತ್ತೀರಾ? ಕೈಗೆ ಬಂದ ಒಳ್ಳೆ ನೀರನ್ನು ನಾವೇ ಕೆಡಿಸಿ, ಆಮೇಲೆ ಕ್ಯಾನ್ ತರಿಸುವುದು ಯಾವ ಜಾಣತನ!

ಬೆಣ್ಣೆನಗರಿ
ದಾವಣಗೆರೆಯಿಂದ ಒಂದು ಮಾತು. ಅಕ್ಕ, ನಿಮ್ಮ ಲೆಕ್ಕ ಸರಿ, ಆದರೆ ಒಂದು ಬಿಟ್ಟಿದ್ದೀರಿ. ಮಣ್ಣು ತುಂಬಿದ ಮೇಲೂ ನೀರು ಪದರದೊಳಗೆ ನುಸುಳಿಯೇ ಪೈಪಿಗೆ ಬರಬೇಕು. ಬೋಳು ಸಿಮೆಂಟಿನ ಮೇಲೆ ಬಿದ್ದದ್ದು ನಿಮಿಷದಲ್ಲಿ ರಸ್ತೆಗೆ ಬಂದರೆ, ಇದು ತಡವಾಗಿ, ಕಡಿಮೆ ರಭಸದಲ್ಲಿ ಬರುತ್ತದೆ. ಚರಂಡಿ ಉಕ್ಕುವುದು ನೀರು ಜಾಸ್ತಿ ಆಗಿದ್ದಕ್ಕಿಂತ ಎಲ್ಲ ಮನೆಯ ನೀರೂ ಒಂದೇ ಸಲ ಬರುವುದಕ್ಕೆ. ಇನ್ನು ಸಂಪಿನ ಕಥೆ: ಎರಡು ಮಳೆಗೆ ಅದೂ ತುಂಬುತ್ತದೆ. ಮೂರನೇ ಮಳೆಗೆ ಅದೂ ರಸ್ತೆಗೇ.

ಮೆದೇಹಳ್ಳಿ ಅಕ್ಕ
ತುಂಬಿದ ಸಂಪಿನ ಕೋಡಿ ಪೈಪನ್ನು ಇಂಗು ಗುಂಡಿಗೆ ಕೊಡಿ. ಕೋಟೆ ಕಟ್ಟಿದವರು ಮಾಡಿದ್ದೂ ಅದನ್ನೇ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಹಾಗೇ ಇಳಿಯುತ್ತಾ ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡದವರೆಗೆ.

ಬೆಣ್ಣೆನಗರಿ
ದುರ್ಗದವರು ಏನು ಮಾತಾಡಿದರೂ ಕೋಟೆಗೆ ತಂದು ನಿಲ್ಲಿಸುತ್ತೀರಿ 😀

ಮೆದೇಹಳ್ಳಿ ಅಕ್ಕ
ನೀವು ದೋಸೆಗೆ ತರಲ್ವಾ?

ಬೆಣ್ಣೆನಗರಿ
ಒಪ್ಪಿದೆ. ಆದರೆ ನನ್ನ ಪ್ರಶ್ನೆ, ಇದನ್ನು ಒಂದು 30×40 ಮನೆಯವನ ತಲೆಗೆ ಯಾಕೆ ಕಟ್ಟಬೇಕು? ಟೊರಾಂಟೊ ನಗರ 2009ರಲ್ಲಿ ಇದಕ್ಕೆ ಕಾನೂನು ಮಾಡಿದಾಗ 2,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಹೊಸ ಕಟ್ಟಡಗಳಿಗೆ ಹೇಳಿತು. ನಮ್ಮ ಎರಡೂ ಊರಲ್ಲಿ ಕಲ್ಯಾಣ ಮಂಟಪ, ಕಾಲೇಜು, ಶೋರೂಮ್ ಎಷ್ಟಿಲ್ಲ? ಒಂದು ಮಂಟಪದ ತಾರಸಿ ಒಂದು ಬೀದಿಯ ಮನೆಗಳಷ್ಟು ನೀರು ಸುರಿಯುತ್ತದೆ. ಪ್ಲಾನ್ ಪಾಸ್ ಮಾಡುವಾಗಲೇ ಅವರಿಗೆ ಹೇಳಲಿ.

ಜೋಗಿಮಟ್ಟಿ ಗಾಳಿ
ಟೊರಾಂಟೊದಲ್ಲಿ ವರ್ಷವಿಡೀ ಮಳೆಯೋ ಹಿಮವೋ ಬೀಳುತ್ತಲೇ ಇರುತ್ತದೆ. ನಮಗೆ ಜನವರಿಯಿಂದ ಮಾರ್ಚ್‌ವರೆಗೆ ಮಳೆ ಇಲ್ಲವೆನ್ನುವಷ್ಟು ಕಮ್ಮಿ. ಆಗ ಆ ತಾರಸಿಗೆ ನೀರು ಹಾಕುವವರು ಯಾರು? ಟ್ಯಾಂಕರ್ ತರಿಸುತ್ತಾರಾ? ಕಾನೂನಿಗಾಗಿ ಮಾಡಿದ ಗಿಡ ಮಾರ್ಚ್ ಹೊತ್ತಿಗೆ ತರಗೆಲೆ. ಮಾಡಲೇಬೇಕು ಅಂದರೆ ಲಾನ್ ಹುಲ್ಲು ಮರೆತುಬಿಡಿ. ನಮ್ಮ ಬೆಟ್ಟದ ಬಂಡೆ ಮೇಲೂ ಬದುಕಬಲ್ಲಂಥದ್ದನ್ನು ಹಾಕಿ. ಮಂಗರವಳ್ಳಿ, ಲೋಳೆಸರ, ಗೋಣಿಸೊಪ್ಪು, ಟೇಬಲ್ ರೋಸ್. ಲೋಳೆಸರ ಬೇಸಿಗೆಯಲ್ಲಿ ಕೆಂಪಗೆ ಸುರುಟಿಕೊಂಡು ಸತ್ತ ಹಾಗೆ ಕಾಣುತ್ತದೆ. ಒಂದು ಅಡ್ಡಮಳೆ ಬಿದ್ದರೆ ಮತ್ತೆ ಉಬ್ಬುತ್ತದೆ.

ತುರುವನೂರು ರಸ್ತೆ
ಎಲ್ಲ ಓದಿದೆ. ಅರ್ಧ ಅರ್ಧ ಮಾಡಿದರೆ ಹೇಗೆ? ಮೇಲಿನ ತಾರಸಿ ಬೋಳಾಗಿಯೇ ಇರಲಿ, ಅದರ ನೀರು ಸಂಪಿಗೆ. ಮುಂದಿನ ಪೋರ್ಟಿಕೋ ಮತ್ತು ಬಾಲ್ಕನಿ ಮೇಲಿನ ಸ್ಲ್ಯಾಬ್ ಸುಮಾರು 250 ಚದರಡಿ ಇದೆ. ಅಲ್ಲಿ ಮಾತ್ರ ಮಂಗರವಳ್ಳಿ, ಲೋಳೆಸರ.

ಮೆದೇಹಳ್ಳಿ ಅಕ್ಕ
ಇದಕ್ಕೆ ನನ್ನ ತಕರಾರಿಲ್ಲ. ಬೀದಿಗೆ ಇದರಿಂದ ಭಾರಿ ಉಪಕಾರ ಆಗುತ್ತದೆ ಅಂತ ಮಾತ್ರ ಹೇಳಬೇಡಿ.

ಕಬ್ಬಿಣ ಸಿಮೆಂಟು
ಪೋರ್ಟಿಕೋ ಹೊರಗೆ ಚಾಚಿದ ಸ್ಲ್ಯಾಬ್ ಆದರೆ ಇನ್ನೂ ಹುಷಾರು. ಕಾಲಂ ಮೇಲಿದ್ದರೆ ಇಂಜಿನಿಯರ್‌ಗೆ ಈ ವಾರವೇ ಹೇಳಿ, ಕಂಬಿ ಲೆಕ್ಕ ಬದಲಾಗುತ್ತದೆ. ವಾಟರ್‌ಪ್ರೂಫಿಂಗ್ ಆದ ಮೇಲೆ ಪೈಪ್ ಬಾಯಿ ಮುಚ್ಚಿ ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗೆ ತೇವ ಬರಲಿಲ್ಲ ಅಂದ ಮೇಲಷ್ಟೇ ಮಣ್ಣು. ಪೈಪ್ ಬಾಯಿಯ ಸುತ್ತ ಒಂದಡಿ ಬರೀ ಜಲ್ಲಿ ಹಾಕಿ, ಕೈ ಹಾಕಿ ಕಸ ತೆಗೆಯುವಂತಿರಲಿ. ಮತ್ತೊಂದು: ಆ ಪೈಪನ್ನು ಎಲ್ಲಿಗೆ ಬಿಡುತ್ತೀರಿ?

ತುರುವನೂರು ರಸ್ತೆ
ಪ್ಲಂಬರ್ ಯುಜಿಡಿ (ಒಳಚರಂಡಿ) ಚೇಂಬರಿಗೆ ಕೊಡೋಣ ಅಂತಿದ್ದಾರೆ. ಅಕ್ಕಪಕ್ಕದ ಮನೆಯವರೂ ಹಾಗೇ ಮಾಡಿದ್ದಾರಂತೆ.

ಜೋಗಿಮಟ್ಟಿ ಗಾಳಿ
ಅಲ್ಲಿದೆ ನೋಡಿ ನಿಮ್ಮ ಬೀದಿಯ ರೋಗ! ಯುಜಿಡಿ ಪೈಪ್ ಇರುವುದು ಬಚ್ಚಲು, ಕಕ್ಕಸಿನ ನೀರಿಗೆ. ಬೀದಿಯ ತಾರಸಿ ನೀರೆಲ್ಲ ಅದಕ್ಕೆ ನುಗ್ಗಿದರೆ ಕೆಳಗಿನ ಚೇಂಬರಿನ ಮುಚ್ಚಳ ಹಾರುತ್ತದೆ. ಇಳಿಜಾರಿನ ಕೊನೆಯ ಮನೆ ನಿಮ್ಮದೇ ಅಂದಿರಲ್ಲ? ಗೇಟಿನ ಮುಂದೆ ನಿಲ್ಲುವ ನೀರು ವಾಸನೆ ಬರುತ್ತಾ?

ತುರುವನೂರು ರಸ್ತೆ
ಬರುತ್ತೆ.